ಕ್ಯಾಮೆರಾ ಇಲ್ಲದ ಕಾಲದ ದಂಡು

ಕನಕಪುರದಲ್ಲಿ ಮದುವೆ ಫೋಟೋ ತೆಗೆದು ಬದುಕಿದವನು ನಾನು; ಯಾವ ಚಿತ್ರ ಕಂಡರೂ ಏನು ಬಿಟ್ಟಿದ್ದಾರೆ ಅಂತಲೇ ಮೊದಲು ನೋಡುತ್ತೇನೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ದಂಡಿನ ಜೊತೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಮಾಗಡಿಯ ಸಾವನದುರ್ಗ, ರಾಮನಗರದ ರಾಮಗಿರಿಗಳನ್ನು ಚಿತ್ರಿಸಿ 1794ರಲ್ಲಿ ಪುಸ್ತಕ ಮಾಡಿದ. ಸಾವನದುರ್ಗದ ಬಂಡೆ ಭವ್ಯವಾಗಿದೆ, ಒಪ್ಪೋಣ. ಆದರೆ ಅದರ ಬುಡಕ್ಕೆ ತೋಪು ಸಾಗಿಸಿದ್ದು ಎತ್ತು, ಆನೆಗಳ ಬಲ. ಬಿದಿರುಮೆಳೆ ಕಡಿದು ದಾರಿ ಮಾಡಿ, ಗೋಡೆ ಒಡೆದು, 1791ರ ಡಿಸೆಂಬರ್ 21ರಂದು ಕೋಟೆ ಹಿಡಿದರು. ನಮ್ಮೂರು ಆಗ ಕಾನಕಾನಹಳ್ಳಿ. ಇಂಗ್ಲಿಷರ ದಂಡಿಗೆ ಉಪಯೋಗವಾಗದಿರಲೆಂದು ಟಿಪ್ಪುವೇ ಅದನ್ನು ಎರಡು ಸಲ ಹಾಳುಗೆಡವಿದನೆಂದು ಗೆಜೆಟಿಯರ್ ಹೇಳುತ್ತದೆ. ಫೋಟೋಗ್ರಫಿ ಲೋಕಕ್ಕೆ ಗೊತ್ತಾದದ್ದೇ 1839ರಲ್ಲಿ. ಆ ಹಾಳೂರಿನ ಫೋಟೋ ಎಲ್ಲಿಂದ ಬರಬೇಕು? ಸಾವನದುರ್ಗ ಹತ್ತುವವರೇ, ಸೆಲ್ಫಿ ಜೊತೆಗೆ ಉಳಿದಿರುವ ಕೋಟೆಗೋಡೆಯದ್ದೂ ಒಂದು ಫೋಟೋ ತೆಗೆದಿಡಿ.