ಕರಗುವುದೊಂದು, ಒಗ್ಗುವುದಿನ್ನೊಂದು

ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆ ಕರಗುವುದಿಲ್ಲ. ಅಡಿಗೆಮನೆಯ ಈ ಅರಿವಿನ ಕಾರಣ ಅಣುವಿನ ಒಡಲಲ್ಲಿದೆ. ನೀರಿನ ಅಣುವಿನಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನತ್ತ ಹೆಚ್ಚು ಸೆಳೆದುಕೊಳ್ಳುವುದರಿಂದ ಆ ಬದಿಯಲ್ಲಿ ಋಣ, ಜಲಜನಕಗಳ ಬದಿಯಲ್ಲಿ ಧನ ವಿದ್ಯುದಂಶ ತೋರುತ್ತದೆ. ಕೆಲವು ಅಣುಗಳಿಗೆ ಇಂಥ ಶಾಶ್ವತ ಧ್ರುವಗಳುಂಟೆಂದು ಡಚ್ ವಿಜ್ಞಾನಿ ಪೀಟರ್ ಡಿಬೈ 1912ರಲ್ಲಿ ಪ್ರತಿಪಾದಿಸಿದರು. ಧ್ರುವವುಳ್ಳದ್ದು ಧ್ರುವವುಳ್ಳದ್ದರೊಡನೆ ಸುಲಭವಾಗಿ ಬೆರೆಯುತ್ತದೆ. ಎಣ್ಣೆಯಂಥವು ತಮ್ಮಂಥವನ್ನೇ ಅರಸುತ್ತವೆ.

ಪಠ್ಯಪುಸ್ತಕದಲ್ಲಿ ಬಹು ಸಾಧುವಾಗಿ ಕಾಣುವ ಈ ತತ್ತ್ವದ ಇನ್ನೊಂದು ಮುಖವನ್ನು ನೋಡಲು ಕೇಳುಗರು ನನ್ನೊಡನೆ 1937ರ ಅಮೆರಿಕಕ್ಕೆ ಬರಬೇಕು.

ಸಲ್ಫನಿಲಮೈಡ್ ಆಗ ಹೊಸ ಸಂಜೀವಿನಿ. ಗಂಟಲಿನ ಸೋಂಕಿಗೆ ಗುಳಿಗೆಯಾಗಿ, ಪುಡಿಯಾಗಿ ಕೊಡುತ್ತಿದ್ದರು. ದ್ರವರೂಪದಲ್ಲಿಯೂ ಬೇಕೆಂಬ ಬೇಡಿಕೆ ಬಂತು. ಆದರೆ ಆ ಅಣುವಿನ ನಡುವೆ ಬೆಂಜೀನಿನ ಉಂಗುರ. ನೀರಿಗೆ ಒಲಿಯುವ ಗುಂಪುಗಳು ಎರಡು ತುದಿಗಳಲ್ಲಿ ಮಾತ್ರ. ಹರಳಿನಲ್ಲಿ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ ಬೇರೆ. ಒಂದು ಲೀಟರು ತಣ್ಣೀರಿನಲ್ಲಿ ಏಳೆಂಟು ಗ್ರಾಮು ಕರಗಿದರೆ ಹೆಚ್ಚು.

ಟೆನೆಸಿಯ ಮ್ಯಾಸೆಂಗಿಲ್ ಕಂಪನಿಯ ರಸಾಯನಜ್ಞ ಹೆರಾಲ್ಡ್ ವಾಟ್ಕಿನ್ಸ್ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಆರಿಸಿಕೊಂಡರು. ಅದರ ಎರಡು ತುದಿಗಳಲ್ಲಿ ಹೈಡ್ರಾಕ್ಸಿಲ್ ಗುಂಪುಗಳು, ನಡುವೆ ಇಂಗಾಲದ ಕೊಂಡಿಗಳು. ಎರಡು ಮನೆಗೂ ಬೇಕಾದ ನಂಟನಂತೆ ಅದು ಔಷಧವನ್ನೂ ಒಲಿಸಿಕೊಂಡಿತು, ನೀರಿನೊಡನೆಯೂ ಬೆರೆಯಿತು. ನೂರರಲ್ಲಿ 72 ಪಾಲು ಅದೇ; ನೀರು 16, ಔಷಧ 10. ಬಣ್ಣ, ರುಚಿ, ಪರಿಮಳಗಳನ್ನು ಪರೀಕ್ಷಿಸಿದರು. ವಿಷವೇ ಎಂದು ಒಂದು ಇಲಿಗೂ ಕೊಟ್ಟು ನೋಡಲಿಲ್ಲ. ಅಂದಿನ ಕಾನೂನು ಅದನ್ನು ಕೇಳುತ್ತಲೂ ಇರಲಿಲ್ಲ.

ನೀರಿನೊಡನೆ ಬೆರೆಯುವ ಆ ಗುಣವೇ ಗ್ಲೈಕಾಲನ್ನು ಸಲೀಸಾಗಿ ರಕ್ತಕ್ಕೆ ಒಯ್ದಿತು. ದೇಹದೊಳಗೆ ಅದು ಡೈಗ್ಲೈಕಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನೂರಕ್ಕೂ ಹೆಚ್ಚು ಜನ ಮೂತ್ರ ಕಟ್ಟಿ, ನರಳಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು.

ಸೀಸೆಗಳನ್ನು ಜಪ್ತಿಮಾಡಲು ಸರಕಾರಕ್ಕೆ ದೊರೆತ ಆಧಾರವನ್ನು ಕೇಳಿದರೆ ನಗಬೇಕೋ ಅಳಬೇಕೋ ನನಗಂತೂ ತಿಳಿಯದು. ಔಷಧಕ್ಕೆ ‘ಎಲಿಕ್ಸಿರ್’ ಎಂಬ ಹೆಸರಿತ್ತು, ಎಲಿಕ್ಸಿರ್ ಎಂದರೆ ಮದ್ಯಸಾರವಿರಬೇಕು, ಇದರಲ್ಲಿ ಅದಿರಲಿಲ್ಲ! ಬರಿಯ ‘ದ್ರಾವಣ’ವೆಂದು ಹೆಸರಿಟ್ಟಿದ್ದರೆ ಮುಟ್ಟುವಂತೆಯೇ ಇರಲಿಲ್ಲ. ಮಾರಾಟಕ್ಕೆ ಮೊದಲು ಹೊಸ ಔಷಧದ ಸುರಕ್ಷತೆಯನ್ನು ತೋರಿಸಬೇಕೆಂಬ ಕಾನೂನು 1938ರಲ್ಲಿ ಬಂತು.

ಅದೇ ಗ್ಲೈಕಾಲು, ಕಣ್ಣಿಗಾಗಲಿ ನಾಲಿಗೆಗಾಗಲಿ ಗುರುತು ಸಿಗದಂತೆ ಗ್ಲಿಸರಿನ್ನಿನಲ್ಲಿ ಬೆರೆತು, 1986ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ 14 ರೋಗಿಗಳನ್ನು ಬಲಿ ತೆಗೆದುಕೊಂಡಿತು.