ಗೂಡ್ಸ್ ವ್ಯಾಗನ್ ಮಾದರಿ ಕಿಟ್

ಬ್ರಿಟನ್ನಿನ ಹಳೆಯ ಗೂಡ್ಸ್ ವ್ಯಾಗನ್‌ಗಳನ್ನು ಬಿಡಿಭಾಗಗಳಿಂದ ಚಿಕ್ಕ ಅಳತೆಯಲ್ಲಿ ಕಟ್ಟಿಕೊಳ್ಳುವ ಸಾಮಗ್ರಿ. 1920ರಲ್ಲಿ ಫ್ರಾಂಕ್ ಹಾರ್ನ್‌ಬಿ ಲಿವರ್‌ಪೂಲಿನಿಂದ ಹೊರತಂದ ತಗಡಿನ ರೈಲುಗಳನ್ನು ನಟ್ಟು ಬೋಲ್ಟು ಬಿಚ್ಚಿ ಮತ್ತೆ ಜೋಡಿಸಬಹುದಿತ್ತು. ಆದರೆ ಅವು ಆಟಿಕೆಗಳು, ನಿಜವಾದ ಅಳತೆಯ ಗೊಡವೆ ಅವಕ್ಕಿರಲಿಲ್ಲ.

ಅಳತೆಗೆ ಒಗ್ಗುವ ಕಿಟ್‌ಗಳಿಗೆ ದಾರಿ ಮಾಡಿದ್ದು ಬ್ರಿಟಿಷ್ ರೈಲು ಕಂಪನಿಗಳ ನಡುವಿನ ಲೆಕ್ಕ ನೋಡುತ್ತಿದ್ದ ಸಂಸ್ಥೆ, ರೈಲ್ವೆ ಕ್ಲಿಯರಿಂಗ್ ಹೌಸ್ ಎನ್ನಬೇಕು. 1887ರಲ್ಲೂ 1923ರಲ್ಲೂ ಅದು ಖಾಸಗಿ ಮಾಲೀಕರ ವ್ಯಾಗನ್‌ಗಳಿಗೆ ವಿನ್ಯಾಸದ ನಿಯಮ ಹಾಕಿತು. 1923ರ 12 ಟನ್ನಿನ ಕಲ್ಲಿದ್ದಲು ವ್ಯಾಗನ್ 16 ಅಡಿ 6 ಅಂಗುಲ ಉದ್ದ. ಚಕ್ರದ ಅಚ್ಚುಗಳ ನಡುವೆ 9 ಅಡಿ. ಮರದ ಡಬ್ಬಿ ಒಂದೇ, ಮೈಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಗಣಿಯ, ವ್ಯಾಪಾರಿಯ ಹೆಸರು ಮಾತ್ರ ಬೇರೆ. ಕಿಟ್ ತಯಾರಕನಿಗೆ ಇನ್ನೇನು ಬೇಕು? ಒಂದು ಅಚ್ಚಿನಿಂದ ಹತ್ತಾರು ವ್ಯಾಗನ್ ತೆಗೆಯಬಹುದು. 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾದಾಗ ಸರ್ಕಾರದ ಪಾಲಿಗೆ ಬಂದ ವ್ಯಾಗನ್‌ಗಳು ಸುಮಾರು 12 ಲಕ್ಷ. 16 ಟನ್ನಿನ ಉಕ್ಕಿನ ವ್ಯಾಗನ್ 1960ರ ದಶಕದಲ್ಲಿ ಏರ್‌ಫಿಕ್ಸ್‌ನ ಅಗ್ಗದ ಪ್ಲಾಸ್ಟಿಕ್ ಕಿಟ್ ಆಗಿ ಹುಡುಗರ ಕೈಗೆ ಸಿಕ್ಕಿತು. 1981ರಲ್ಲಿ ಏರ್‌ಫಿಕ್ಸ್ ದಿವಾಳಿಯಾದ ಮೇಲೆ ಆ ಅಚ್ಚುಗಳು ಡಾಪೋಲ್ ಕಂಪನಿಗೆ ಹೋದವು.

ಜೋಡಣೆ ಕೆಲಸ ನೋಡಲು ಸುಲಭ, ಮಾಡಲು ಅಲ್ಲ. ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವುದರಿಂದ ತಪ್ಪಿದರೆ ತಿದ್ದುವ ಅವಕಾಶ ಕಡಿಮೆ. ಚಾಸಿಯನ್ನು ಗಾಜಿನ ಮೇಲಿಟ್ಟು ನಾಲ್ಕೂ ಚಕ್ರ ತಾಗುತ್ತವೆಯೇ ಎಂದು ನೋಡುತ್ತಾರೆ. ಒಂದು ಮೇಲೆದ್ದರೂ ಬಂಡಿ ಹಳಿ ತಪ್ಪುತ್ತದೆ. ಹಗುರವಾದ ಡಬ್ಬಿಯೊಳಗೆ ಕಬ್ಬಿಣದ ತುಂಡಿಟ್ಟು ತೂಕ ಕೊಡುವುದೂ ಇದಕ್ಕೇ.

ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯ ಓಓ ಅಳತೆಯಲ್ಲಿ 1 ಅಡಿಗೆ 4 ಮಿಲಿಮೀಟರ್. ಹಳಿಗಳ ನಡುವಿನ ಅಂತರ ಮಾತ್ರ 16.5 ಮಿಲಿಮೀಟರ್, ಲೆಕ್ಕದಂತೆ ಇರಬೇಕಾದ್ದು ಸುಮಾರು 18.8. ಈ ಸೋಗಿಗೆ ಬ್ರಿಟಿಷರು ಒಗ್ಗಿಹೋಗಿದ್ದಾರೆ.

ಬೆಂಗಳೂರಿನ ಬಸವೇಶ್ವರನಗರದ ಮನೆಯೊಂದರ ಮೇಜಿನ ಮೇಲೆ ಮೈಸೂರು ಮಾರ್ಗದ ಕೆಂಗೇರಿಯ ಹಳೆಯ ಗೂಡ್ಸ್ ಗಾಡಿ ಕಟ್ಟಹೊರಟವರಿಗೆ ಲೆಕ್ಕವೇ ಬೇರೆ. 1881ರಲ್ಲಿ ಬೆಂಗಳೂರಿನಿಂದ ಚನ್ನಪಟ್ಟಣಕ್ಕೂ ಮರುವರ್ಷ ಮೈಸೂರಿಗೂ ತಲುಪಿದ ಮಾರ್ಗ, 1884ರ ತುಮಕೂರು ಮಾರ್ಗ, ಎರಡೂ ಮೀಟರ್ ಗೇಜ್. 1864ರಲ್ಲಿ ಮದರಾಸಿನಿಂದ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದದ್ದು ಬ್ರಾಡ್ ಗೇಜ್; ಓಓ ಅಳತೆಯಲ್ಲಿ ಅದಕ್ಕೆ 22 ಮಿಲಿಮೀಟರ್ ಹಳಿ ಬೇಕು, ಮೀಟರ್ ಗೇಜಿಗೆ 13. ಎರಡೂ ಬ್ರಿಟಿಷ್ ಕಿಟ್ಟಿನ ಚಾಸಿಗೆ ಹೊಂದುವುದಿಲ್ಲ. ಬ್ರಿಟಿಷ್ ವ್ಯಾಗನ್ನಿನ ತುದಿಗೆ ಎರಡು ಬಫರ್. ಮೀಟರ್ ಗೇಜಿನದಕ್ಕೆ ನಡುವೆ ಒಂದೇ. ಹೀಗಾಗಿ 1:87 ಅಳತೆ ಹಿಡಿದು 12 ಮಿಲಿಮೀಟರ್ ಹಳಿಯ ಮೇಲೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಡಬ್ಬಿ ಕಟ್ಟುವುದೇ ಹೆಚ್ಚು ಸರಿ. 1990ರ ದಶಕದಲ್ಲಿ ಮೈಸೂರು ಮಾರ್ಗ ಬ್ರಾಡ್ ಗೇಜ್ ಆಯಿತು. ಹಳೆಯ ಗಾಡಿಗಳನ್ನು ಕಣ್ಣಾರೆ ನೋಡಲು 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ.