ಬಡಗಿಯ ಕುದುರೆ, ಚಿತ್ರಕಾರನ ಕತ್ತೆ

ಬಡಗಿ ಹಲಗೆ ಕೊಯ್ಯುವುದನ್ನು ನೀವು ನೋಡಿರಬಹುದು. ಆಗ ಕಣ್ಣೆಲ್ಲ ಗರಗಸದ ಮೇಲೆ. ಹಲಗೆಯನ್ನು ಹೊತ್ತು ನಿಂತ ಮರದ ಆಸರೆಯನ್ನು ಗಮನಿಸಿದ್ದೀರಾ? ಒಂದು ಅಡ್ಡಮರ, ಅದರ ಎರಡು ತುದಿಗಳಲ್ಲಿ ಜೋಡಿ ಕಾಲುಗಳು, ಅಷ್ಟೇ. ಕಾಲುಗಳನ್ನು ಅಗಲಿಸಿ ನಿಂತಿರುವುದರಿಂದಲೇ ಗರಗಸದ ಎಳೆತಕ್ಕೆ ಅದು ಮಗುಚುವುದಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ‘ಸಾಹಾರ್ಸ್’, ಅಂದರೆ ಗರಗಸದ ಕುದುರೆ, ಎಂದು ಹೆಸರು. ಸೌದೆ ಕೊಯ್ಯುವ ಇಂಥದೇ ಆಸರೆಯ ಜರ್ಮನ್ ಹೆಸರಿನಲ್ಲಿ ಹೋತ ಇದೆ. ಚಿತ್ರಕಾರನ ಹಲಗೆ ಹೊರುವ ಆಸರೆಯನ್ನು ಡಚ್ಚರು ‘ಏಜೆಲ್’, ಅಂದರೆ ಕತ್ತೆ, ಎಂದರು. ಆ ಪದವೇ 17ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಈಸಲ್’ ಆಯಿತು. ನಿಮ್ಮ ಚಿತ್ರಕಲಾ ತರಗತಿಯಲ್ಲಿ ನಿಂತಿರುವುದು ಆ ಕತ್ತೆಯೇ!

ಮಧ್ಯಯುಗದ ಯೂರೋಪಿನ ದೊಡ್ಡ ಮನೆಗಳಲ್ಲಿ ಇಂಥ ಆಸರೆಗಳ ಮೇಲೆ ಹಲಗೆ ಹಾಸಿ ಊಟ ಬಡಿಸುತ್ತಿದ್ದರು. ಉಂಡ ಮೇಲೆ ಬಿಚ್ಚಿ ಬದಿಗಿಡುತ್ತಿದ್ದರು. ಹಲಗೆ ಎಂಬ ಅರ್ಥದ ‘ಬೋರ್ಡ್’ ಪದ ಕ್ರಮೇಣ ಊಟಕ್ಕೂ ಹೆಸರಾಯಿತು. ಊಟ-ವಸತಿಯ ಶಾಲೆಯನ್ನು ನಾವು ‘ಬೋರ್ಡಿಂಗ್’ ಎನ್ನುವಾಗ ಆ ಊಟದ ಹಲಗೆ ಮಾತಿನೊಳಗೆ ಅಡಗಿರುತ್ತದೆ.

ಅರಸರ ಹೆಸರುಗಳನ್ನು ಶಾಸನಗಳು ಉಳಿಸಿದವು. ದುಡಿದವರಲ್ಲಿ ಬಹುಪಾಲು ಜನರ ಹೆಸರು ಅಳಿದುಹೋಗಿದೆ. ಆದರೆ ಹೊರೆ ಹೊರುವ ಪ್ರಾಣಿಗಳನ್ನು ನೆನೆದು ತಮ್ಮ ಸಲಕರಣೆಗಳಿಗೆ ಅವರಿಟ್ಟ ಹೆಸರುಗಳು ಉಳಿದಿವೆ. ನಿಮ್ಮೂರಿನ ಬಡಗಿಯನ್ನು ಕಂಡಾಗ, ಈ ಆಸರೆಗೆ ಏನೆನ್ನುತ್ತೀರಿ ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಯಾರೂ ಬರೆದಿಡದ ಮಾತು ಆಡುವವರೊಂದಿಗೇ ಮರೆಯಾಗುತ್ತದೆ. ಬರೆದಿಟ್ಟರೆ ಅದೂ ಇತಿಹಾಸವೇ.